ಎರಡನೇ ಸಲ ಯಾರೂ ಕೇಳಲಿಲ್ಲ

ಮುಂದಿನ ಸಾಲಿನಲ್ಲಿ ಕುಳಿತಿರುವ ಕಂಪನಿಯವರೇ, ಮೊದಲು ಆ ಫೋನ್ ಕೆಳಗಿಡಿ. ಶ್ರದ್ಧಾಂಜಲಿ ಅಂತ ಹೂಗುಚ್ಛ ಇಟ್ಟು, ಫೋಟೋ ತೆಗೆಸಿಕೊಂಡು, ಈಗ ಗಡಿಯಾರ ನೋಡುತ್ತಿದ್ದೀರಲ್ಲ — ನಾಚಿಕೆಯಾಗಬೇಕು. ಸತ್ತವಳ ತಾಯಿ ಇಲ್ಲೇ ಕುಳಿತಿದ್ದಾರೆ. ಸತ್ತವಳ ಮಗಳು ಪಕ್ಕದಲ್ಲಿದ್ದಾಳೆ. ಅವರಿಬ್ಬರಿಗೂ, ಮಿಷನ್ ನಿಲ್ಲಿಸಿ ಎದ್ದುಬಂದ ನನ್ನ ಅಕ್ಕತಂಗಿಯರಿಗೂ ಕೈ ಮುಗಿಯುತ್ತೇನೆ.

ನಾನು ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು. ಹೊಲಿದ ಅಂಗಿಗಳ ದಾರದ ತುದಿ ಕತ್ತರಿಸುವುದು ನನ್ನ ಕೆಲಸ. ಎಲ್ಲರಿಗೂ ನಾನು ಅಜ್ಜಿ. ಇನ್ನೊಂದು ಕೆಲಸವೂ ಇತ್ತು — ಇವತ್ತು ಹೇಳಿಬಿಡುತ್ತೇನೆ. ಅಂಗಿ ಕೊಳ್ಳುವ ಈ ಹೊರದೇಶದ ಕಂಪನಿಯವರು ವಿಚಾರಣೆಗೆ ಬರುವ ಮುಂಚೆ ಹುಡುಗಿಯರಿಗೆ ಉತ್ತರ ಬಾಯಿಪಾಠ ಮಾಡಿಸುವುದು. ಅಜ್ಜಿ ಹೇಳಿದರೆ ಕೇಳುತ್ತಾರೆ ಅಂತ ಮ್ಯಾನೇಜರು ನನ್ನನ್ನೇ ಹಿಡಿದಿದ್ದರು.

ಈಗ ಸತ್ತುಹೋದ ನಮ್ಮ ಕಾಲರಮ್ಮ — ಅಂಗಿಗೆ ಕಾಲರ್ ಕೂಡಿಸುತ್ತಿದ್ದಳು, ಅದಕ್ಕೇ ಆ ಹೆಸರು — ಅವಳಿಗೂ ನಾನೇ ಕಲಿಸಿದೆ.

"ಸಂಬಳ ಸಾಕಾಗುತ್ತಾ ಅಂತ ಕೇಳ್ತಾರೆ. ಸಾಕಾಗುತ್ತೆ ಅನ್ನು."

"ಯಾರಿಗೆ ಅಜ್ಜಿ, ನಮ್ಮನೆ ಇಲಿಗಾ?"

"ಹಲ್ಲು ಕಿರೀಬೇಡ. ಸಾಕಾಗಲ್ಲ ಅಂದ್ರೆ ಆರ್ಡರ್ ಬೇರೆ ಕಡೆ ಹೋಗುತ್ತೆ. ಎಲ್ಲರ ಅನ್ನಕ್ಕೂ ಕಲ್ಲು ಬೀಳುತ್ತೆ."

"ಅವರು ಎರಡನೇ ಸಲ ಕೇಳಿದ್ರೆ?"

"ಎರಡನೇ ಸಲ ಯಾರೂ ಕೇಳಲ್ಲ ಕಣೇ."

ಕೇಳಲಿಲ್ಲ. ಹನ್ನೊಂದು ವರ್ಷ ನಿಮ್ಮವರು ಬಂದರು. ಶೌಚಾಲಯದ ಬಾಗಿಲು ಎಳೆದು ನೋಡಿದರು, ಮೆಟ್ಟಿಲು ಅಳೆದರು. ಕಾಲರಮ್ಮ ಸಾಕಾಗುತ್ತೆ ಅಂದಳು, ಬರೆದುಕೊಂಡು ಹೋದರು. ಅವಳು ಕೈ ಎತ್ತಿದರೆ ಬಳೆ ಮೊಣಕೈವರೆಗೆ — ಇಗೋ, ಹೀಗೆ — ಜಾರುತ್ತಿತ್ತು. ಅದು ಕಾಣಲಿಲ್ಲವೇ ನಿಮ್ಮ ಕಣ್ಣಿಗೆ?

ಮೈಯಲ್ಲಿ ರಕ್ತವೇ ಇಲ್ಲ, ಚೆನ್ನಾಗಿ ತಿಂದು ಹದಿನೈದು ದಿನ ಮಲಗು ಅಂತ ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು. ಮಲಗಿದರೆ ಆ ದಿನಗಳ ಸಂಬಳವಿಲ್ಲ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಅಲ್ಲಾಡುತ್ತಿದ್ದ ಹೊಲಿಗೆ ಮಿಷನ್ನಿನ ಕಾಲಿಗೆ ಒತ್ತು ಕೊಟ್ಟಳು. ಕಳೆದ ಮಂಗಳವಾರ ಅದೇ ಮಿಷನ್ ಮೇಲೆ ತಲೆಯಿಟ್ಟಳು. ನಿದ್ದೆ ಮಾಡುತ್ತಿದ್ದಾಳೆಂದು ಸೂಪರ್‌ವೈಸರ್ ಬೈದ. ಬೈಯುತ್ತಲೇ ಇದ್ದ —

ಈಗ ನಮ್ಮ ಕಾರ್ಖಾನೆ ಉಪಕಾರ ಮಾಡುತ್ತಿದೆಯಂತೆ. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ತಾಯಿಯ ಮಿಷನ್ ಮಗಳಿಗೆ. ಸಂಬಳ ಅದೇ. ನಿನ್ನೆ ಮ್ಯಾನೇಜರು ನನ್ನನ್ನು ಕರೆದು, "ಅಜ್ಜಿ, ಆ ಹುಡುಗಿಗೂ ಉತ್ತರ ಕಲಿಸಿಬಿಡಿ" ಅಂದರು. ಕಲಿಸುವುದಿಲ್ಲ! ನನ್ನ ನಾಲಿಗೆ ಒಬ್ಬಳನ್ನು ತಿಂದದ್ದು ಸಾಕು.

ಕಂಪನಿಯವರೇ, ಎಲ್ಲರೆದುರು ಎರಡನೇ ಸಲ ಕೇಳಿ. ಬಾಯಿ ಬರುತ್ತಿಲ್ಲವೇ? ನಾನೇ ಹೇಳುತ್ತೇನೆ — ಸಾಕಾಗಲ್ಲ. ಬಾಡಿಗೆ ಕಟ್ಟಿದರೆ ಹೊಟ್ಟೆಗಿಲ್ಲ, ಹೊಟ್ಟೆಗೆ ತಿಂದರೆ ಔಷಧಿಗಿಲ್ಲ. ಮ್ಯಾನೇಜರ ಕಡೆ ಬೆರಳು ತೋರಿಸಬೇಡಿ. ಅಂಗಿಗೆ ಬೆಲೆ ಕಟ್ಟುವವರು ನೀವು. ದುಡಿದವರ ಮನೆ ಉಣ್ಣುವಷ್ಟು, ಕಾಯಿಲೆ ಬಂದರೆ ಮಲಗಿ ಏಳುವಷ್ಟು ಸಂಬಳ ಕೊಡುತ್ತೀರೋ ಇಲ್ಲವೋ — ಒಂದನೇ ತಾರೀಖಿಗೆ ಮುಂಚೆ ಬರೆದು ಗೇಟಿಗೆ ಅಂಟಿಸಿ. ದೊಡ್ಡ ಅಕ್ಷರದಲ್ಲಿ ಬರೆಯಿರಿ, ನಾನೂ ಓದಬೇಕು.

ಈಗ ಎಲ್ಲರೂ ಎದ್ದು ನಿಲ್ಲಿ. ಎರಡು ನಿಮಿಷ ಮಾತು ಬೇಡ. ಮುಂದಿನ ಸಾಲಿನವರೂ — ಏಳಿ. ಮಗಳೇ, ನಿನಗೆ ಸುಸ್ತಾಗಿದ್ದರೆ ಕೂತೇ ಇರು. ನಿನ್ನ ಅಮ್ಮನಿಗೆ ನಾನು ಹೇಳಬೇಕಿದ್ದ ಮಾತು ಅದು.