ಸಾಕ್ಷಿಗೆ ಹೊರಟವಳು

ಶಹಾಡ್ ಸ್ಟೇಷನ್ನಿನ ಬೆಂಚಿನಲ್ಲಿ ಕುಳಿತಿದ್ದ ಜಯಲತಾಳ ಕಿವಿ, ಸುತ್ತಲಿನ ಮರಾಠಿಯ ನಡುವೆ, ಪಕ್ಕದಲ್ಲಿ ಕೇಳಿಬಂದ ಕನ್ನಡದತ್ತ ಹೋಯಿತು. ಕಲಬುರಗಿ ಕಡೆಯ ಅಕ್ಕ-ತಂಗಿ. ತಂಗಿಯ ಕೈಯಲ್ಲಿ ಕಾಲೇಜಿನ ಪಠ್ಯದ ಕಾದಂಬರಿ.

“ಸರ್ವಾಧಿಕಾರಿಗಿ ಎದುರು ನಿಂತ ಅಕ್ಕ-ತಂಗೇರ ಕಥಿ, ಅಕ್ಕಾ. ಖರೇ ನಡದದ್ದು.”

“ಕಡೀಗಿ ಏನಾಯ್ತು?”

“ಕೊಲ್ಲಿಸ್ತಾನ.”

“ಹೆದರಿಕಿ ಇರ್ಲಿಲ್ಲೇನು ಅವರಿಗಿ?”

“ಇತ್ತು. ಆದ್ರೂ ಹೋದ್ರು. ನೀ ಮಾತ್ರ ಇವತ್ತು ಕೋರ್ಟಿಗಿ ಹೋಗಬ್ಯಾಡ. ಮಾಲಕನ ಮಂದಿ ಮನೀಗೇ ಬಂದು ಧಮಕಿ ಹಾಕ್ಯಾರ.”

“ಬೆಂಕಿ ಹತ್ತಿದಾಗ ಕಾರ್ಖಾನಿ ಬಾಗಲಕ್ಕ ಹೊರಗಿಂದ ಕೀಲಿ ಇತ್ತು, ಅಂಬಿಕಾ. ಅದನ್ನ ನೋಡಿದಾಕಿ ನಾ ಒಬ್ಬಾಕಿನೇ ಉಳದೀನಿ.”

“ಹಂಗಾರ ನಾನೂ ಬರ್ತೀನಿ.”

“ಬ್ಯಾಡ. ಅವ್ವಗ ಒಬ್ಬಾಕಿಯಾದ್ರೂ ಬೇಕು.”

ಕಲ್ಯಾಣದ ಕಡೆ ಹೋಗುವ ಲೋಕಲ್ ರೈಲು ಬಂತು. ಅಕ್ಕ ಹತ್ತಿದಳು. ಅವಳ ಹಿಂದೆ ಅದೇ ಬೋಗಿ ಹತ್ತಿದ ಒಬ್ಬೊಬ್ಬ ಗಂಡಸಿನ ಮುಖವನ್ನೂ ತಂಗಿ ನೋಡುತ್ತ ನಿಂತಳು. ಗಾಡಿ ಹೊರಟಿತು.