ಹಿಂದೆ ನಡೆದ ಊರು

ಒಂದೂರಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಇತಿಹಾಸದಲ್ಲಿ ಎಂಎ ಮಾಡಿದವಳು, ಹೇಳಬೇಕಾದ್ದನ್ನೆಲ್ಲ ಡೈರಿಗೆ ಹೇಳಿ ಮುಗಿಸುವವಳು. ಅವಳಿಗೊಂದು ಚಿಂತೆ. ದೊಡ್ಡದೇನಲ್ಲ ನೋಡಿ, ಆದರೆ ಕನ್ನಡಿಯೆದುರು ಕೂಡ ಅದನ್ನು ಗಟ್ಟಿಯಾಗಿ ಆಡಿದವಳಲ್ಲ: ‘ಆ ಕಲ್ಲಿನ ಸಾಲಿನ ಅರ್ಥ ನನಗೆ ಗೊತ್ತು. ನಾಲ್ಕು ಜನರ ನಡುವೆ ಬಾಯಿ ತೆರೆದರೆ ಧ್ವನಿ ಬರುತ್ತದೋ ಇಲ್ಲವೋ, ಅದೊಂದೇ ಗೊತ್ತಿಲ್ಲ.’

ಯಾವ ಕಲ್ಲು? ಕೇಳಿ.

ಆ ಸೀಮೆಯಲ್ಲಿ ಒಬ್ಬ ಡಾಕ್ಟರಿದ್ದರು. ಟೀವಿ ಡಾಕ್ಟರು. ಬೆಳಿಗ್ಗೆ ಒಂದು ಚಾನೆಲಿನಲ್ಲಿ ‘ಅನ್ನ ವಿಷ’ ಎನ್ನುವರು, ಸಂಜೆ ಇನ್ನೊಂದರಲ್ಲಿ ಬಿಸಿಬೇಳೆಬಾತು ಮಾಡುವುದನ್ನು ತೋರಿಸುವರು. ಅರ್ಧ ಊರು ಅವರ ಫೋಟೋಗೆ ಹೂ ಏರಿಸುತ್ತಿತ್ತು. ಇನ್ನರ್ಧ ಊರು ‘ಮೊದಲು ಓದಿದ ಕಾಲೇಜು ತೋರಿಸಲಿ’ ಎಂದು ಬೈಯುತ್ತಿತ್ತು. ಬೈಯುವವರೂ ಕಾರ್ಯಕ್ರಮ ತಪ್ಪಿಸುತ್ತಿರಲಿಲ್ಲ ಅನ್ನಿ.

ಊರ ಕೆರೆ ಏರಿಯ ಮೇಲೆ ಹಳೆಯ ಅರಸರ ಕಾಲದ ಒಂದು ಶಾಸನದ ಕಲ್ಲಿತ್ತು. ಅದರಲ್ಲೊಂದು ಸಾಲು: ‘ಹಿಂದೆ ನಡೆದಂತೆ ನಡೆವವರು ಸುಖದಿಂದಿಹರು.’ ಯಾರೋ ಆ ಸಾಲೊಂದನ್ನೇ ಫೋಟೋ ತೆಗೆದು ಡಾಕ್ಟರಿಗೆ ಕಳಿಸಿದರು. ಡಾಕ್ಟರು ಟೀವಿಯಲ್ಲಿ ಮೇಜು ಗುದ್ದಿದರು. “ನೋಡ್ರೀ! ಹಿಂದೆ ನಡೆದೋರು ಸುಖವಾಗಿರ್ತಾರೆ! ನಮ್ಮ ಪೂರ್ವಜರು ಹಿಂದಹಿಂದಕ್ಕೆ ನಡೀತಿದ್ರು! ಅದಕ್ಕೇ ಅವರಿಗೆ ಬೀಪಿ ಇರಲಿಲ್ಲ, ಶುಗರ್ ಇರಲಿಲ್ಲ, ಮಾತ್ರೆಯ ಹಂಗೂ ಇರಲಿಲ್ಲ!”

ಮುಗಿಯಿತು. ಮರುದಿನದಿಂದ ಊರಿಗೆ ಊರೇ ಹಿಂದಹಿಂದಕ್ಕೆ ನಡೆಯತೊಡಗಿತು. ಹಾಲಿಗೆ ಹೊರಟವರು ಚರಂಡಿ ಸೇರಿದರು. ಒಂದು ಮದುವೆ ದಿಬ್ಬಣ ಬೆನ್ನು ಮುಂದಾಗಿ ಬಂದು ಯಾರದೋ ಛತ್ರ ಹೊಕ್ಕಿತು. ಎಲೆ ಹಾಕಿ ಪಾಯಸ ಬಡಿಸಿದ ಮೇಲೆ ಹೆಣ್ಣು ಬೇರೆ ಎಂದು ಗೊತ್ತಾಯಿತು. “ಎಲ್ಲಿಗೆ ಹೊರಟ್ರಿ ರಾಯರೇ?” ಎಂದರೆ, “ಎಲ್ಲಿಂದ ಹೊರಟೆ ಅನ್ನೋದಷ್ಟೇ ಕಾಣ್ತಿದೆ ಕಣಯ್ಯಾ!” ದನಗಳು ಮಾತ್ರ ಮುಂದಕ್ಕೆ ನಡೆಯುತ್ತಿದ್ದವು. ಪಾಪ, ಅವು ಟೀವಿ ನೋಡುವುದಿಲ್ಲ.

ಪುರಾವೆ ಕೇಳಿದವರು ಇರಲಿಲ್ಲವೇ? ಇದ್ದರು. ಡಾಕ್ಟರನ್ನು ಕೇಳಿದರೆ, “ಪೇಪರಲ್ಲೇ ಬಂದಿದೆಯಲ್ರೀ!” ಪೇಪರಿನವರನ್ನು ಕೇಳಿದರೆ, “ದೇವಸ್ಥಾನದ ಸ್ಥಳಪುರಾಣದಲ್ಲಿದೆ, ಹೊಸ ಮುದ್ರಣ ನೋಡಿ.” ದೇವಸ್ಥಾನದವರನ್ನು ಕೇಳಿದರೆ, “ಅಷ್ಟು ದೊಡ್ಡ ಡಾಕ್ಟರು ಟೀವೀಲಿ ಹೇಳಿದ್ರಲ್ಲ, ನಾವು ಸೇರಿಸ್ಕೊಂಡ್ವಿ.” ಎಂಥ ಸಾಕ್ಷಿಗಳು! ಒಂದರ ಬೆನ್ನಿಗೊಂದು ಒರಗಿ ನಿಂತಿವೆ, ಗೋಡೆಯೇ ಇಲ್ಲ.

ಆ ಕಲ್ಲೋ, ಇದ್ದಲ್ಲೇ ಇತ್ತು. ಅದರ ಮೇಲೆ ಜನ ಪಂಚೆ ಒಣಹಾಕುತ್ತಿದ್ದರು. ಓದಲು ಹೋದವಳು ನಮ್ಮ ಹುಡುಗಿ ಒಬ್ಬಳೇ. ಪಂಚೆ ಸರಿಸಿ, ನೀರು ಸುರಿದು, ಮೇಲಿನ ಸಾಲು ಕೆಳಗಿನ ಸಾಲು ಎಲ್ಲ ಓದಿದಳು. ಓದಿ, ಮನೆಗೆ ಬಂದು ಸುಮ್ಮನಾದಳು. ಸುಮ್ಮನಿರುವುದು ಎಷ್ಟು ಸುಲಭ ನೋಡಿ! ಅವಳ ಅಜ್ಜಿಯ ಸರದಿ ಬರುವ ತನಕ.

ಡಾಕ್ಟರು ಕ್ಯಾಮೆರಾ ಸಮೇತ ಊರಿಗೇ ಬಂದರು. ವಯಸ್ಸಾದವರೊಬ್ಬರು ಕಲ್ಯಾಣಿಯ ಮೆಟ್ಟಿಲನ್ನು ಹಿಂದಹಿಂದಕ್ಕೆ ಇಳಿದು ತೋರಿಸಬೇಕಂತೆ. ಅಜ್ಜಿ ಸೆರಗು ಸಿಕ್ಕಿಸಿ ಎದ್ದಳು. ಡಾಕ್ಟರ ಮಾತು ಕೇಳಿ ಬೀಪಿ ಮಾತ್ರೆ ಬಿಟ್ಟಾಗಿನಿಂದ ನಿಂತಲ್ಲೇ ಓಲಾಡುತ್ತಿದ್ದಳು. ಪಾಚಿ ಕಟ್ಟಿದ ಮೆಟ್ಟಿಲು, ಕೆಳಗೆ ಆಳದ ನೀರು. ಅಜ್ಜಿಯ ಬೆನ್ನು ನೀರಿಗೆ, ಮುಖ ಜನಕ್ಕೆ.

“ತಿರುಗಿ ನೋಡಬಾರದಜ್ಜಿ,” ಎಂದರು ಡಾಕ್ಟರು ಮೈಕಿನಲ್ಲಿ, “ಇತಿಹಾಸವೇ ನಿಮ್ಮ ಕೈ ಹಿಡಿಯುತ್ತೆ!”

ಅಜ್ಜಿಗೆ ಗುಂಪಿನಲ್ಲಿ ಮೊಮ್ಮಗಳು ಕಂಡಳು. “ಏನೇ ಕೂಸೇ, ನೀನ್ಯಾಕೆ ಬೆವರ್ತಿದ್ದೀ? ಇಳಿಯೋಳು ನಾನಲ್ವೇನೆ?” ಎಂದು ನಕ್ಕು ಒಂದು ಕಾಲು ಹಿಂದಕ್ಕೆತ್ತಿದಳು.

ಕಾಲು ಗಾಳಿಯಲ್ಲಿದೆ. ಅಲ್ಲೇ ಇರಲಿ. ಈಗ ನಿಮ್ಮನ್ನೊಂದು ಮಾತು ಕೇಳಬೇಕು.

ಯಾರದು, ಮಂಟಪದ ಆ ಮೂಲೆಯಲ್ಲಿ? “ಮೊದಲು ಅಜ್ಜೀನ ಹಿಡ್ಕೊಳ್ಳಿ ಬುದ್ಧೀ” ಅಂತೀರಾ? ಭೇಷ್! ಕಥೆಯ ಅಜ್ಜಿಗೆ ಇಷ್ಟು ಮರುಗುತ್ತೀರಲ್ಲ, ಮನೆಯ ಅಜ್ಜಿಗೆ ಫೋನಿನಲ್ಲಿ ಬಂದ ಕಷಾಯ ಕುಡಿಸುವಾಗ ಈ ಮರುಕ ಎಲ್ಲಿ ಹೋಗಿತ್ತು? ‘ನಮ್ಮವರು ಅಂದೇ ಬರೆದಿಟ್ಟಿದ್ದಾರೆ’ ಎಂದು ಗುಂಪು ಗುಂಪಿಗೆ ಕಳಿಸಿದಿರಲ್ಲ, ಎಲ್ಲಿ ಬರೆದಿಟ್ಟಿದ್ದಾರೆ ಎಂದು ಒಮ್ಮೆ ನೋಡಿದಿರಾ? ಒಮ್ಮೆ? ಹಿರಿಯರಿಗೆ ಕೈಮುಗಿಯುವುದು ಬೇರೆ, ಅವರು ಆಡದ ಮಾತನ್ನು ಅವರ ಬಾಯಿಗೆ ತುರುಕುವುದು ಬೇರೆ. ಸತ್ತವರು ಎದ್ದು ಬಂದು ‘ನಾವು ಹೀಗೆ ಅಂದಿಲ್ಲ’ ಎನ್ನಲಾರರು. ಬದುಕಿರುವವರೇ ಅವರ ಪರವಾಗಿ ಅನ್ನಬೇಕು. ಇವತ್ತು ಮನೆಗೆ ಹೋದವರೇ ಇಷ್ಟು ಮಾಡಿ: ಯಾವುದನ್ನೇ ಇನ್ನೊಬ್ಬರಿಗೆ ದಾಟಿಸುವ ಮುನ್ನ ಮೂಲ ಹುಡುಕಿ ಓದಿ, ಅದರ ಆಚೀಚೆಯ ಸಾಲನ್ನೂ ಓದಿ. ಮಾತ್ರೆ ಬಿಡುವ ಮುನ್ನ ನಿಮ್ಮ ಕೈ ಹಿಡಿದು ನೋಡಿದ ಡಾಕ್ಟರನ್ನು ಕೇಳಿ. ಮತ್ತೆ ನೀವು, ಗೊತ್ತಿದ್ದೂ ಕಂಬದ ಮರೆಯಲ್ಲಿ ತಲೆ ತಗ್ಗಿಸಿ ಕೂತವರೇ, ಬಾಯಿ ಬಿಡಿ. ಧ್ವನಿ ನಡುಗಿದರೂ ಬಿಡಿ.

ಸರಿ, ಕಲ್ಯಾಣಿಗೆ ಹೋಗೋಣ. ಅಜ್ಜಿಯ ಕಾಲು ನೋಯುತ್ತಿರಬಹುದು.

ಹುಡುಗಿ ಬಾಯಿ ತೆರೆದಳು. ಮೊದಲು ಬರೀ ಗಾಳಿ ಬಂತು. ಆಮೇಲೆ ಬಂದ ಧ್ವನಿಯ ಗುರುತು ಅವಳಿಗೇ ಸಿಗಲಿಲ್ಲ. ಅದಕ್ಕೆ ಮೈಕು ಬೇಕಿರಲಿಲ್ಲ.

“ಅಜ್ಜೀ, ಮುಂದಕ್ಕೆ ಬಾ! ಆ ಕಲ್ಲಲ್ಲಿ ಕಾಲಿನ ಮಾತೇ ಇಲ್ಲ. ಕೆರೆ ನೀರನ್ನ ಮೊದಲಿದ್ದ ಪದ್ಧತಿಯಂತೆ ಹಂಚಿಕೊಂಡೋರು ಸುಖವಾಗಿರ್ತಾರೆ ಅಂತ, ಅಷ್ಟೇ ಇರೋದು!”

ಗಾಳಿಯಲ್ಲಿದ್ದ ಅಜ್ಜಿಯ ಕಾಲು ಮುಂದಕ್ಕೆ ಬಂತು.