ಯಾರ ಮನೆಯಲ್ಲಿದ್ದೀಯ

ಇದು ನಡೆದದ್ದು ನಮ್ಮ ದೊಡ್ಡಮ್ಮನ ಮಗನಿಗೆ. ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ಅವನದು. ಎರಡು ದಿನದಿಂದ ನಿದ್ದೆಯಿಲ್ಲ. ಆ ರಾತ್ರಿ ಮುಚ್ಚಿದ ಬಾವಿಯ ಪಕ್ಕ ಕಾಲೆಳೆಯುತ್ತ ಮನೆಗೆ ಬರುತ್ತಿದ್ದ. ಬಾವಿಯ ಮರದ ಮುಚ್ಚಳದ ಮೇಲೆ ಟಕ್... ಟಕ್. ಎರಡೇ ಸಲ. ಉಂಗುರದಿಂದ ತಟ್ಟಿದ ಹಾಗೆ. ತಿರುಗಿ ನೋಡುವಷ್ಟು ತ್ರಾಣವೂ ಅವನಲ್ಲಿರಲಿಲ್ಲ.

ಹಾಗೆ ತಟ್ಟುವ ಅಭ್ಯಾಸ ಇದ್ದದ್ದು ಅವನಿಗೆ ಕೆಲಸ ಕಲಿಸಿದ ಹಿರಿಯರಿಗೆ. ದೂರದ ಯಂತ್ರದಲ್ಲಿ ಏನನ್ನಾದರೂ ಅಳಿಸುವ ಮುನ್ನ ಮೇಜು ತಟ್ಟಿ, "ಯಾರ ಮನೇಲಿದೀಯಪ್ಪ ಈಗ?" ಎನ್ನುತ್ತಿದ್ದರು. ಆ ಯಂತ್ರಕ್ಕೇ ಅದರ ಹೆಸರು ಕೇಳಿ, ಪರದೆಯಲ್ಲಿ ಬಂದ ಉತ್ತರವನ್ನು ಓದಿ ಹೇಳಿದ ಮೇಲೆಯೇ ಮುಂದಿನ ಕಮಾಂಡ್. ಅವರು ತೀರಿಕೊಂಡು ಮೂರು ತಿಂಗಳಾಗಿತ್ತು. ಯಂತ್ರದ ಕೋಣೆಯಲ್ಲಿ ಅವರು ಕೀಬೋರ್ಡಿಗೆ ಹೊದಿಸಿ ಹೋದ ಬಟ್ಟೆಯನ್ನು ಯಾರೂ ತೆಗೆದಿರಲಿಲ್ಲ. ಹೆಸರು ಕೇಳುವುದನ್ನು ಮಾತ್ರ ಇವನು ಬಿಟ್ಟಿದ್ದ.

ರೋಗಿಗಳ ದಾಖಲೆ, ನೌಕರರ ಖಾತೆ ಎಲ್ಲವೂ ಒಂದು ವಾರದ ಹಿಂದೆಯೇ ಹೊಸ ಯಂತ್ರಕ್ಕೆ ಸಾಗಿದ್ದವು. ಹಳೆಯದನ್ನು ಅಳಿಸುವುದೊಂದೇ ಬಾಕಿ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದ. ಪರದೆಯಲ್ಲಿ ಎರಡು ಕಪ್ಪು ಕಿಟಕಿ, ಹಳೆಯ ಯಂತ್ರದ್ದೊಂದು, ಹೊಸದರದ್ದೊಂದು. ನೋಡಲು ಅವಳಿ ಮಕ್ಕಳು. ಅದನ್ನೇ ಮದುವೆಯಾಗಬೇಕಿತ್ತು ನೀವು ಎಂದು ಹೆಂಡತಿ ಗೊಣಗಿ ಮಲಗಿದಳು. ಅಳಿಸುವ ಸಾಲು ಬರೆದ. ಬೆರಳು ಎಂಟರ್ ಮೇಲಿತ್ತು.

ಟಕ್... ಟಕ್.

ಅವನ ಮೇಜಿನ ಮೇಲೆಯೇ.

ಕೈ ಹಿಂದಕ್ಕೆಳೆದುಕೊಂಡ. ಬರೆದದ್ದನ್ನು ತೆಗೆದು, ಯಂತ್ರದ ಹೆಸರು ಕೇಳಿದ. ಬಂದದ್ದು ಹೊಸದರ ಹೆಸರು. ಒಂದು ವಾರದಿಂದ ಸೇರಿದ ರೋಗಿಗಳ ದಾಖಲೆ ಅದೊಂದರಲ್ಲೇ ಇತ್ತು. ಯಾರಿಗೆ ಯಾವ ಮದ್ದು ಆಗದು ಎಂಬುದೂ. ಒತ್ತಿದ್ದರೆ...

ಈಗ ಒಳಗೆ ಯಾರ್‍ಯಾರ ಖಾತೆ ತೆರೆದಿದೆಯೆಂದು ಯಂತ್ರವನ್ನೇ ಕೇಳಿದ. ಎರಡು ಸಾಲು ಬಂತು. ಒಂದು ಅವನದು. ಇನ್ನೊಂದು ಹಿರಿಯರದು... ದೂರದಿಂದಲ್ಲ, ಆ ಕೋಣೆಯ ಕೀಬೋರ್ಡಿನಿಂದಲೇ.

ಆಸ್ಪತ್ರೆಯ ಕಾವಲುಗಾರನಿಗೆ ಫೋನ್ ಮಾಡಿದ.

"ಯಂತ್ರದ ಕೋಣೇಲಿ ಯಾರಾದ್ರೂ ಇದಾರಾ?"

"ಬೀಗ ಹಾಕಿದೆ ಸಾರ್. ಬೀಗದ ಕೈ ನನ್ನ ಹತ್ರಾನೇ ಇದೆ."

"ಬಾಗಿಲ ಗಾಜಲ್ಲಿ ಒಂದ್ಸಲ ನೋಡಿ."

ಚಪ್ಪಲಿಯ ಸರಪರ... ನಿಂತಿತು.

"ಯಾರೂ ಇಲ್ಲ ಸಾರ್... ಕೀಬೋರ್ಡಿನ ಬಟ್ಟೆ ಮಾತ್ರ ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟಿದೆ."

ದೊಡ್ಡಮ್ಮನ ಮಗ ಕತೆ ಕಟ್ಟುವವನಲ್ಲ. ಹಿರಿಯರ ಖಾತೆಯನ್ನು ತೆಗೆಯಿರಿ ಎಂದು ಕಚೇರಿಯಿಂದ ಎರಡು ಸಲ ಪತ್ರ ಬಂದಿದೆ. ತೆಗೆದಿಲ್ಲ. ಬಟ್ಟೆ ಈಗಲೂ ಮಡಿಸಿದಂತೆಯೇ ಇದೆ. ನಾನೇ ಹೋಗಿ ನೋಡಿ ಬಂದಿದ್ದೇನೆ.